ಒಂದು ಕಲ್ಲೂ ಉಳಿಯದ ಗೋರಿಯ ವಿಚಾರ

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟೋನ್‌ನಲ್ಲಿ. ಊರಿನಿಂದ ಅತ್ತೆ-ಮಾವ ಬಂದಿದ್ದಾಗ ಏಲ್ಸ್‌ಫರ್ಡ್ ಹತ್ತಿರದ ಕಿಟ್ಸ್ ಕೋಟಿ ಎಂಬ ಹಳೆಯ ಕಲ್ಲುಗೋರಿ ನೋಡಿಕೊಂಡು ಬಂದೆವು. ಮಾವ ಗಂಗಾವತಿ ಕಡೆಯವರು. ನೋಡಿದ ಕೂಡಲೇ "ಇದು ನಮ್ಮ ಹಿರೇಬೆಣಕಲ್ಲಿನ ಮೋರ್ಯರ ಮನಿ ಇದ್ದಂಗೇ ಐತಲ್ಲವಾ" ಅಂದರು. ಅದೇ ಸುತ್ತಮುತ್ತ 'ಸ್ಮೈಥ್ಸ್ ಮೆಗಾಲಿತ್' ಎಂಬ ಇನ್ನೊಂದು ಗೋರಿ ಇತ್ತು, 1822ರಲ್ಲಿ ಸಿಕ್ಕಿ ಆಗಲೇ ನಾಶವಾಯಿತು ಎಂದು ಆಮೇಲೆ ಓದಿದೆ. ಕಲ್ಲಿಲ್ಲ, ಮೂಳೆಯಿಲ್ಲ. ಹಾಗಿದ್ದ ಮೇಲೆ ಅದು ನವಶಿಲಾಯುಗದ್ದು ಎಂದು ಯಾವ ಧೈರ್ಯದ ಮೇಲೆ ಹೇಳುತ್ತಾರೆ? ಸಿಕ್ಕಿದ್ದನ್ನು ಕೆಡವಿದ್ದಾದರೂ ಯಾಕೆ? ಈಗ ಅಗೆದರೆ ಏನಾದರೂ ಸಿಗುತ್ತದೆಯೇ? ಮಾವನ ಮಾತಿನಲ್ಲಿ ಹುರುಳಿದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಕಣ್ಣಿಗೆ ಕಾಣದ್ದರ ಬಗ್ಗೆ ಪುಸ್ತಕಗಳು ತೀರ ಖಚಿತವಾಗಿ ಮಾತಾಡಿದಾಗ ಹೀಗೆ ಕೇಳಲೇಬೇಕು. ಆದರೆ ಈ ಗೋರಿಯ ವಿಷಯದಲ್ಲಿ ಧೈರ್ಯಕ್ಕೆ ಆಧಾರ ಇದೆ. ನೋಡಿದವರು ಬರೆದಿಟ್ಟ ಟಿಪ್ಪಣಿ ಒಂದು, ಸುತ್ತಲಿನ ಒಡಹುಟ್ಟಿದ ಗೋರಿಗಳು ಇನ್ನೊಂದು. ಇವೆರಡನ್ನು ಜೋಡಿಸಿದರೆ 'ಇಂಥ ಗೋರಿ ಇತ್ತು, ಇಂಥ ಕಾಲದ್ದು' ಎನ್ನುವವರೆಗೆ ಗಟ್ಟಿಯಾಗಿ ಹೇಳಬಹುದು. ಅದರೊಳಗೆ ಮಲಗಿದ್ದವರು ಯಾರು, ಎಷ್ಟು ತಲೆಮಾರಿನವರು, ಏನು ತಿನ್ನುತ್ತಿದ್ದರು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಹೆಚ್ಚಿನವರು ಇಂಥ ಕಡೆ ಕಲ್ಲು ಹೋಯಿತಲ್ಲ ಎಂದು ಮರುಗುತ್ತಾರೆ. ನನ್ನ ಪ್ರಕಾರ ಮರುಗಬೇಕಾದ್ದು ಮೂಳೆಗೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ನಡೆದದ್ದೇನು ಎಂದು ನೋಡೋಣ. 1822ರಲ್ಲಿ ಏಲ್ಸ್‌ಫರ್ಡ್ ಬಳಿಯ ವಾರೆನ್ ಫಾರ್ಮ್ ಎಂಬಲ್ಲಿ ಹೊಲ ಉಳುತ್ತಿದ್ದ ಕೂಲಿಯಾಳುಗಳ ನೇಗಿಲಿಗೆ ದೊಡ್ಡ ಕಲ್ಲುಗಳು ತಗುಲಿದವು. ನೇಗಿಲಿಗೆ ಅಡ್ಡ ಬರುವ ಕಲ್ಲನ್ನು ಕಿತ್ತು ಹಾಕುವುದು ಎಲ್ಲ ಊರಿನ ರೈತರೂ ಮಾಡುವ ಕೆಲಸ. ಇವರೂ ಅದಕ್ಕೇ ಕೈ ಹಾಕಿದರು. ಅಗೆಯುತ್ತಿದ್ದಂತೆ ಕಲ್ಲುಗಳ ನಡುವೆ ಮನುಷ್ಯರ ಮೂಳೆ ಕಂಡವು. ಮೇಡ್‌ಸ್ಟೋನ್‌ನಲ್ಲಿ ಹಳೆಯ ವಸ್ತುಗಳಲ್ಲಿ ಆಸಕ್ತಿಯಿದ್ದ ಇಬ್ಬರಿಗೆ ಸುದ್ದಿ ಮುಟ್ಟಿತು. ಒಬ್ಬರು ಕ್ಲೆಮೆಂಟ್ ಟೇಲರ್ ಸ್ಮೈಥ್. ಇನ್ನೊಬ್ಬರು ಡಾ. ಥಾಮಸ್ ಚಾರ್ಲ್ಸ್, ನೀವು ಮೇಡ್‌ಸ್ಟೋನ್‌ನಲ್ಲಿ ನೋಡಿರಬಹುದಾದ ಮ್ಯೂಸಿಯಂ ಶುರುವಾದದ್ದು ಈ ವೈದ್ಯರ ಸಂಗ್ರಹದಿಂದಲೇ. ಇಬ್ಬರೂ ಸ್ಥಳಕ್ಕೆ ಬಂದು ಕೋಣೆಯನ್ನು ತೆಗೆಸಿ ನೋಡಿದರು. ಒಡೆದ ಮೂಳೆಗಳು, ಮಡಕೆ ಚೂರುಗಳು ಸಿಕ್ಕವು. ಆಮೇಲೆ ಕಲ್ಲುಗಳನ್ನು ಸಾಗಿಸಿದರು, ಹೊಲ ಮತ್ತೆ ಹೊಲವಾಯಿತು. ಮೂಳೆ, ಮಡಕೆ ಎರಡೂ ಎಲ್ಲಿಗೆ ಹೋದವೋ, ಇಂದು ಯಾರ ಬಳಿಯೂ ಇಲ್ಲ.

ಉಳಿದದ್ದು ಸ್ಮೈಥ್ ಅವರ ಕೈಬರಹದ ಟಿಪ್ಪಣಿ. ಅದನ್ನು 1948ರಲ್ಲಿ ಜಾನ್ ಎಚ್. ಇವಾನ್ಸ್ ಎಂಬ ಸಂಶೋಧಕರು ಕೆಂಟ್‌ನ ಪುರಾತತ್ವ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದರೆ ನೋಡಿದ್ದಕ್ಕೂ ಟಿಪ್ಪಣಿ ಅಚ್ಚಾದದ್ದಕ್ಕೂ ನಡುವೆ 126 ವರ್ಷ. ಗೋರಿಗೆ ಸ್ಮೈಥ್ ಹೆಸರು ಅಂಟಿಕೊಂಡದ್ದು ಹೀಗೆ. ಅವರೇನೂ ಅದನ್ನು ಉಳಿಸಲಿಲ್ಲ; ಉಳಿಸುವ ಯೋಚನೆ ಆಗ ಯಾರಿಗೂ ಇದ್ದಂತಿಲ್ಲ. ಆದರೆ ಬರೆದರು. ಕೆಂಟ್‌ನ ಹೊಲಗಳಲ್ಲಿ ಹೀಗೆ ಕಿತ್ತು ಹೋದ ಕಲ್ಲುಗಳಿಗೆ ಲೆಕ್ಕವಿಲ್ಲ, ಹೆಚ್ಚಿನವುಗಳ ಬಗ್ಗೆ ಒಂದು ಸಾಲೂ ಇಲ್ಲ.

ಇಂಥ ಟಿಪ್ಪಣಿಯನ್ನು ಓದುವಾಗ ಎರಡು ಕಣ್ಣು ಬೇಕು. ಬರೆದವರು ತಾವು ಕಂಡದ್ದನ್ನೂ ಅದರ ಬಗ್ಗೆ ತಮಗನಿಸಿದ್ದನ್ನೂ ಕಲಸಿ ಬರೆದಿರುತ್ತಾರೆ. 1822ರಲ್ಲಿ ನವಶಿಲಾಯುಗ ಎಂಬ ಕಲ್ಪನೆಯೇ ಇರಲಿಲ್ಲ. ಮನುಷ್ಯನ ಇತಿಹಾಸವನ್ನು ಬೈಬಲ್ಲಿನ ಲೆಕ್ಕದಲ್ಲಿ ಎಣಿಸುತ್ತಿದ್ದ ಕಾಲ. ದೊಡ್ಡ ಕಲ್ಲು ಕಂಡರೆ ಒಂದೋ ಡ್ರೂಯಿಡ್ ಪುರೋಹಿತರದ್ದು, ಇಲ್ಲವೇ ಯಾವುದೋ ಯುದ್ಧದಲ್ಲಿ ಸತ್ತ ದೊರೆಯದ್ದು ಎನ್ನುತ್ತಿದ್ದರು. ಕಿಟ್ಸ್ ಕೋಟಿಗೇ ಕ್ಯಾಟಿಗರ್ನ್ ಎಂಬ ರಾಜಕುಮಾರನ ಕಥೆ ಕಟ್ಟಿದ್ದರು: ಕ್ರಿ.ಶ. 455ರಲ್ಲಿ ಏಲ್ಸ್‌ಫರ್ಡ್‌ನಲ್ಲಿ ನಡೆದ ಕಾಳಗದಲ್ಲಿ ಮಡಿದವನು ಅಲ್ಲಿ ಮಲಗಿದ್ದಾನೆ ಎಂದು. ನಮ್ಮಲ್ಲಿ ಇಂಥ ಕಲ್ಮನೆಗಳನ್ನು ಪಾಂಡವರಿಗೆ ಒಪ್ಪಿಸಿದ ಹಾಗೆಯೇ. ಹಾಗಾಗಿ ಆ ಕಾಲದವರ ವಿವರಣೆಯನ್ನು ಬದಿಗಿಟ್ಟು, ಅವರು ಕೊಟ್ಟ ಸಾಕ್ಷ್ಯವನ್ನಷ್ಟೇ ತೆಗೆದುಕೊಳ್ಳಬೇಕು: ಕನಿಷ್ಠ ಐದು ದೊಡ್ಡ ಸಾರ್ಸನ್ ಕಲ್ಲು, ಅವುಗಳಿಂದ ಕಟ್ಟಿದ ಕೋಣೆ, ಒಳಗೆ ಮೂಳೆ, ಮಡಕೆ ಚೂರು. ಸಾರ್ಸನ್ ಎಂದರೆ ಆ ಸೀಮೆಯಲ್ಲಿ ನೆಲದ ಮೇಲೇ ಸಿಗುವ, ಉಳಿಗೆ ಸುಲಭವಾಗಿ ಬಗ್ಗದ ಗಡುಸು ಮರಳುಗಲ್ಲು. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳೂ ಇದೇ ಜಾತಿಯವು.

ಈ ಸಾಕ್ಷ್ಯಕ್ಕೆ ಬೆಲೆ ಬರುವುದು ಅಕ್ಕಪಕ್ಕದವುಗಳ ಜೊತೆ ಇಟ್ಟು ನೋಡಿದಾಗ. ಮೆಡ್ವೇ ನದಿಯ ಎರಡೂ ಕಡೆ ಇಂಥ ಗೋರಿಗಳ ಗುಂಪು ಇದೆ. ಪಶ್ಚಿಮಕ್ಕೆ ಕೋಲ್ಡ್ರಮ್, ಆಡಿಂಗ್ಟನ್, ಚೆಸ್ಟ್‌ನಟ್ಸ್. ಪೂರ್ವಕ್ಕೆ ನೀವು ನೋಡಿದ ಕಿಟ್ಸ್ ಕೋಟಿ, ಅದರ ಕೆಳಗಿನ ಲಿಟಲ್ ಕಿಟ್ಸ್ ಕೋಟಿ, ಮತ್ತೆ ನಮ್ಮ ಸ್ಮೈಥ್ ಗೋರಿ. ಎರಡು ಗುಂಪಿಗೂ ನಡುವೆ ಎಂಟು-ಹತ್ತು ಕಿಲೋಮೀಟರ್ ಅಂತರ. ಇವುಗಳಲ್ಲಿ ಎದ್ದು ಕಾಣುವ ಒಂದು ವಾಡಿಕೆಯಿದೆ: ಉದ್ದನೆಯ, ಹೆಚ್ಚುಕಡಿಮೆ ಆಯತಾಕಾರದ ಮಣ್ಣುದಿಬ್ಬ, ಅದರ ಪೂರ್ವದ ತುದಿಯಲ್ಲಿ ಸಾರ್ಸನ್ ಕಲ್ಲಿನ ಎತ್ತರದ ಕೋಣೆ. ಇದನ್ನು 'ಲಾಂಗ್ ಬ್ಯಾರೋ' ಎನ್ನುತ್ತಾರೆ. ನೀವು ಕಿಟ್ಸ್ ಕೋಟಿಯಲ್ಲಿ ಕಂಡದ್ದು ಕೋಣೆಯ ಕಲ್ಲುಗಳನ್ನು ಮಾತ್ರ: ನಿಂತ ಮೂರು, ಮೇಲೊಂದು ಹೊದಿಕೆಗಲ್ಲು. ಅದರ ಹಿಂದೆ ಪಶ್ಚಿಮಕ್ಕೆ ಉದ್ದಕ್ಕೂ ಚಾಚಿದ್ದ ದಿಬ್ಬವನ್ನು ಉತ್ತು ಉತ್ತು ನೆಲಸಮ ಮಾಡಿಬಿಟ್ಟಿದ್ದಾರೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಳೆಯ ಸ್ಮಾರಕಗಳನ್ನು ನೋಡಿ ದಾಖಲಿಸಿದ ವಿಲಿಯಂ ಸ್ಟೂಕ್ಲಿ ಬರೆದ ಚಿತ್ರದಲ್ಲಿ ಆ ದಿಬ್ಬ ಇನ್ನೂ ಇದೆ. ಸ್ಮೈಥ್ ಕಂಡ ಕೋಣೆಯೂ ಇದೇ ಕಲ್ಲಿನದು, ಇದೇ ಕಣಿವೆಯದು, ಇದೇ ಕೆಲಸಕ್ಕೆ ಬಳಸಿದ್ದು. ಅದನ್ನು ಈ ಕುಟುಂಬದಿಂದ ಹೊರಗಿಡಲು ಯಾವ ಕಾರಣವೂ ಕಾಣುವುದಿಲ್ಲ.

ಕಾಲ ನಿರ್ಧಾರವಾಗುವುದೂ ಹೀಗೇ, ಎರವಲಿನಿಂದ. ಕೋಲ್ಡ್ರಮ್‌ನಲ್ಲಿ 1910ರಲ್ಲಿ ಎಫ್. ಜೆ. ಬೆನೆಟ್ ಎಂಬುವರು ಅಗೆದಾಗ ಸಿಕ್ಕ ಮೂಳೆಗಳನ್ನು ಎಸೆಯದೆ ಇಟ್ಟಿದ್ದರು. ಆಗ ಅವುಗಳನ್ನು ಪರೀಕ್ಷಿಸಿದ ಅಂಗರಚನಾ ತಜ್ಞ ಆರ್ಥರ್ ಕೀತ್ ತಲೆಬುರುಡೆ ಅಳೆದು, ಗಂಡು-ಹೆಣ್ಣು ಗುರುತಿಸಿ, ಆ ಕಾಲಕ್ಕೆ ತಿಳಿದಷ್ಟು ಬರೆದರು. ಮೂಳೆಯಂಥವುಗಳಲ್ಲಿ ಉಳಿದ ಇಂಗಾಲವನ್ನು ಅಳೆದು ವಯಸ್ಸು ಹೇಳುವ 'ಇಂಗಾಲದ ಕಾಲನಿರ್ಣಯ' ಎಂಬುದು ಹುಟ್ಟಿದ್ದೇ 1940ರ ದಶಕದ ಕೊನೆಗೆ. ಮೂಳೆಗಳು ಪೆಟ್ಟಿಗೆಯಲ್ಲೇ ಕಾದವು. ನೂರು ವರ್ಷ ಕಳೆದ ಮೇಲೆ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವನ್ನೇ ಮತ್ತೆ ತೆಗೆದು ನೋಡಿತು. ಕನಿಷ್ಠ 17 ಜನರ ಅವಶೇಷ. ಅತ್ಯಂತ ಹಳೆಯವು ಕ್ರಿ.ಪೂ. 3980ರಿಂದ 3800ರ ನಡುವಿನವು. ಬ್ರಿಟನ್ನಿಗೆ ಬೇಸಾಯ ಬಂದದ್ದೇ ಕ್ರಿ.ಪೂ. 4000ದ ಆಸುಪಾಸಿನಲ್ಲಿ, ಖಂಡದ ಕಡೆಯಿಂದ ಕಡಲು ದಾಟಿ ಬಂದವರ ಜೊತೆ. ಅಂದರೆ ದನ, ಬಿತ್ತನೆಬೀಜ ತಂದವರು ನೆಲೆಯೂರಿದ ಮೊದಲ ಕೆಲವೇ ತಲೆಮಾರುಗಳಲ್ಲಿ ಕೋಲ್ಡ್ರಮ್‌ಗೆ ಹೆಣಗಳು ಬರತೊಡಗಿದ್ದವು.

ಆ ಅಧ್ಯಯನದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇಸವಿಗಳಿಗಿಂತ ಗೀರುಗಳು. ಕೆಲವು ಮೂಳೆಗಳ ಮೇಲೆ ಕಲ್ಲಿನ ಅಲಗಿನಿಂದಾದ ಸಣ್ಣ ಕೊಯ್ತದ ಗುರುತುಗಳಿವೆ. ಅವುಗಳ ಜಾಗ ನೋಡಿದರೆ ಹೊಡೆದಾಟದ ಗಾಯಗಳಂತಿಲ್ಲ. ಸತ್ತ ಮೇಲೆ ಕೀಲುಗಳನ್ನು ಬಿಡಿಸುವಾಗ, ಸ್ನಾಯು ಕತ್ತರಿಸುವಾಗ ಅಲಗು ತಾಗಿದ ಗೀರು. ಅಂದರೆ ಹೆಣವನ್ನು ತಂದು ಹಾಗೇ ಮಲಗಿಸಿ ಬಾಗಿಲು ಮುಚ್ಚಿದ್ದಲ್ಲ; ಕನಿಷ್ಠ ಕೆಲವರ ದೇಹವನ್ನು ಕೈಯಾರೆ ಬೇರ್ಪಡಿಸಿದ್ದಾರೆ. ಈಗ ಸ್ಮೈಥ್ ಅವರ ಗೋರಿಗೆ ಬನ್ನಿ. ಅಲ್ಲಿ ಸಿಕ್ಕ ಮೂಳೆಗಳು ಒಡೆದಿದ್ದವು. ಯಾಕೆ ಒಡೆದಿದ್ದವು? ಅಲ್ಲಿಯೂ ಹೀಗೆ ಬಿಡಿಸಿ ಇಟ್ಟಿದ್ದರೇ? ಮೇಲಿನ ಕಲ್ಲು ಕುಸಿದು ಜಜ್ಜಿತೇ? ಅಥವಾ ಅಂದು ಅಗೆದವರ ಗುದ್ದಲಿಯ ಪೆಟ್ಟೇ? ಒಂದು ಮೂಳೆ ತುಂಡು ಕೈಯಲ್ಲಿದ್ದರೆ, ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ಹಸಿ ಮೂಳೆ ಮುರಿದದ್ದೋ ಒಣ ಮೂಳೆ ಮುರಿದದ್ದೋ ಎಂದು ಸಾಮಾನ್ಯವಾಗಿ ಹೇಳಬಹುದು. ಹಸಿ ಮೂಳೆ ಸುರುಳಿಯಾಗಿ, ನುಣುಪಾಗಿ ಸೀಳುತ್ತದೆ. ಸಾವಿರಾರು ವರ್ಷ ಒಣಗಿದ್ದು ಒರಟಾಗಿ, ಅಡ್ಡಡ್ಡ ಮುರಿಯುತ್ತದೆ, ಹೊಸ ಮುರಿತದ ಬಣ್ಣವೂ ತಿಳಿಯಾಗಿರುತ್ತದೆ. ಇಷ್ಟು ಸಣ್ಣ ಪರೀಕ್ಷೆಗೂ ಈಗ ಏನೂ ಉಳಿದಿಲ್ಲ.

ವಂಶವಾಹಿ ಪರೀಕ್ಷೆಯ ಮಾತು ಬಿಡಿ, ಅದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಹೇಝಲ್ಟನ್ ನಾರ್ತ್ ಎಂಬ ಲಾಂಗ್ ಬ್ಯಾರೋವನ್ನು 1979ರಿಂದ 1982ರವರೆಗೆ ಪೂರ್ತಿ ಅಗೆದರು. ಅಲ್ಲಿನ 35 ಜನರ ಡಿಎನ್‌ಎ ತೆಗೆದು 2021ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: 27 ಜನ ಒಂದೇ ವಂಶದವರು, ಐದು ತಲೆಮಾರು, ಎಲ್ಲರೂ ಒಬ್ಬ ಗಂಡಸು ಮತ್ತು ಅವನಿಂದ ಮಕ್ಕಳನ್ನು ಪಡೆದ ನಾಲ್ವರು ಹೆಂಗಸರ ಸಂತಾನ. ಇನ್ನೂ ಸೋಜಿಗವೆಂದರೆ, ಯಾರನ್ನು ಗೋರಿಯ ಯಾವ ಭಾಗದಲ್ಲಿ ಇಡಬೇಕು ಎಂಬುದು ಆ ನಾಲ್ವರಲ್ಲಿ ಯಾವ ತಾಯಿಯ ಕವಲು ಎಂಬುದನ್ನು ಅವಲಂಬಿಸಿದಂತಿದೆ. ಅಕ್ಷರವೇ ಇಲ್ಲದ ಕಾಲದ ಮನೆತನದ ವಂಶವೃಕ್ಷ ಕೈಗೆ ಬಂದಿತು. ಸ್ಮೈಥ್ ಗೋರಿಯ ಮೂಳೆ ಒಂದು ಹಿಡಿ ಉಳಿದಿದ್ದರೂ, ಅವರು ಕೋಲ್ಡ್ರಮ್‌ನವರಿಗೆ ನೆಂಟರೋ ಬೇರೆ ಗುಂಪಿನವರೋ, ನದಿ ಅವರಿಗೆ ಗಡಿಯಾಗಿತ್ತೋ ಎಂದು ಕೇಳಬಹುದಿತ್ತು. ಕಲ್ಲು ಹೋದದ್ದಕ್ಕಿಂತ ಮೂಳೆ ಹೋದದ್ದು ದೊಡ್ಡ ನಷ್ಟ ಎಂದದ್ದು ಇದಕ್ಕೇ. ಕಲ್ಲು ನಿಂತಿದ್ದ ಜಾಗವನ್ನು ನೆಲ ನೆನಪಿಡುತ್ತದೆ. ಎತ್ತಿ ಕಳೆದುಬಿಟ್ಟ ಮೂಳೆಯನ್ನು ಯಾವುದೂ ನೆನಪಿಡುವುದಿಲ್ಲ.

ಅಷ್ಟಕ್ಕೂ ಕಲ್ಲು ಇದ್ದ ಮಾತ್ರಕ್ಕೆ ಗೋರಿ ಇದೆ ಎಂದು ನಂಬುವ ಹಾಗಿಲ್ಲ. ನೀವು ನಡೆದಾಡಿದ ಸೀಮೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕಾಫಿನ್ ಸ್ಟೋನ್ ಎಂದು ನಾಲ್ಕು ಮೀಟರಿಗೂ ಉದ್ದದ ಒಂದು ಬಂಡೆ ಹೊಲದಲ್ಲಿ ಮಲಗಿದೆ. 1830ರ ದಶಕದಲ್ಲಿ ಅದರ ಪಕ್ಕದ ಬೇಲಿ ತೆಗೆಯುವಾಗ ತಲೆಬುರುಡೆ, ಮೂಳೆ, ಇದ್ದಿಲು ಸಿಕ್ಕವು ಎಂಬ ವರದಿಯಿತ್ತು. ಹಾಗಾಗಿ ಅದೊಂದು ಕುಸಿದ ಗೋರಿ ಎಂದು ಬಹುಕಾಲ ನಂಬಿದ್ದರು. 2008-09ರಲ್ಲಿ ಸರಿಯಾಗಿ ಉತ್ಖನನ ಮಾಡಿದಾಗ ಅಲ್ಲಿ ಕೋಣೆಯೂ ಇಲ್ಲ, ದಿಬ್ಬವೂ ಇಲ್ಲ. ಆ ಬಂಡೆ ಈಗಿರುವ ಜಾಗಕ್ಕೆ ಬಂದದ್ದೇ ಹದಿನೈದು-ಹದಿನಾರನೆಯ ಶತಮಾನದಲ್ಲಿ ಎಂದು ತಿಳಿಯಿತು. ಎಲ್ಲರೂ ಗೋರಿ ಎಂದು ಫೋಟೊ ತೆಗೆಸಿಕೊಳ್ಳುತ್ತಿದ್ದ ಕಡೆ ಗೋರಿಯಿಲ್ಲ, ಬರೀ ಬೆಳೆ ನಿಂತ ಕಡೆ ಗೋರಿಯಿತ್ತು. ಸ್ಮೈಥ್ ಟಿಪ್ಪಣಿಯ ಬಗ್ಗೆಯೂ ಇದೇ ಎಚ್ಚರ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಕಾಫಿನ್ ಸ್ಟೋನ್ ವಿಷಯದಲ್ಲಿ ಇದ್ದದ್ದು ಬಂಡೆಯ ಪಕ್ಕದಲ್ಲಿ ಮೂಳೆ ಸಿಕ್ಕಿತೆಂಬ ಸುದ್ದಿ. ಇಲ್ಲಿರುವುದು ಕಲ್ಲಿನ ಕೋಣೆಯ ಒಳಗೆ ಮೂಳೆಯನ್ನು ಕಂಡವರ ಬರಹ. ಎರಡರ ತೂಕ ಒಂದೇ ಅಲ್ಲ.

ಇನ್ನೊಂದು ಬಗೆಯ ಕಳೆದುಹೋಗುವಿಕೆಯನ್ನೂ ಹೇಳಿಬಿಡುತ್ತೇನೆ, ಕಥೆ ಸ್ವಾರಸ್ಯವಾಗಿದೆ. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿ, ಸೇಂಟ್ ಹೆಲಿಯರ್ ಪಟ್ಟಣದ ಮೇಲಿನ ಗುಡ್ಡದಲ್ಲಿ, 1785ರಲ್ಲಿ ಸೈನಿಕರ ಕವಾಯತು ಮೈದಾನಕ್ಕೆಂದು ನೆಲ ಮಟ್ಟ ಮಾಡುವಾಗ ವೃತ್ತಾಕಾರದ ಒಂದು ಶಿಲಾಗೋರಿ ಬಯಲಿಗೆ ಬಂತು. ದ್ವೀಪದವರು ಅದನ್ನು ತಮ್ಮ ಗವರ್ನರ್ ಹೆನ್ರಿ ಸೀಮೂರ್ ಕಾನ್ವೇ ಅವರಿಗೆ ಕಾಣಿಕೆ ಕೊಟ್ಟರು. ಗವರ್ನರ್ ಸಾಹೇಬರು ಕಲ್ಲುಗಳನ್ನು 1788ರಲ್ಲಿ ಹಡಗಿನಲ್ಲಿ ತರಿಸಿ, ಥೇಮ್ಸ್ ದಂಡೆಯ ಹೆನ್ಲಿ ಬಳಿಯ ತಮ್ಮ ಎಸ್ಟೇಟಿನ ತೋಟದಲ್ಲಿ ಮತ್ತೆ ನಿಲ್ಲಿಸಿದರು. ಕಲ್ಲುಗಳು ಇಂದಿಗೂ ಅಲ್ಲೇ ಇವೆ. ಆದರೆ ಅವುಗಳ ಕೆಳಗಿರುವುದು ಹೆನ್ಲಿಯ ಮಣ್ಣು. ಜರ್ಸಿಯ ಆ ಗುಡ್ಡದ ಮೇಲೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಟೆ ಎದ್ದಿತು. ನನ್ನನ್ನು ಕೇಳಿದರೆ, ಮಣ್ಣು ಕದಡದ ಬರಿಗುಂಡಿ ಇಂಥ ಅಲಂಕಾರದ ಕಲ್ಲುಗಳಿಗಿಂತ ಎಷ್ಟೋ ಹೆಚ್ಚು ಮಾತಾಡುತ್ತದೆ.

ಇನ್ನು ಯಾಕೆ ಕೆಡವಿದರು ಎಂಬ ಪ್ರಶ್ನೆ. ವಾರೆನ್ ಫಾರ್ಮಿನ ಮಟ್ಟಿಗೆ ಉತ್ತರ ಸಪ್ಪೆ: ನೇಗಿಲಿಗೆ ಅಡ್ಡ ಬಂತು. ದ್ವೇಷವಿಲ್ಲ, ಭಯವಿಲ್ಲ, ಸಾಗುವಳಿಯ ಲೆಕ್ಕಾಚಾರ ಅಷ್ಟೆ. ತಡೆಯುವ ಕಾನೂನೂ ಇರಲಿಲ್ಲ. ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಮೊದಲ ಕಾಯಿದೆ ಬಂದದ್ದು 1882ರಲ್ಲಿ. ಕಿಟ್ಸ್ ಕೋಟಿ ಆ ಮೊದಲ ಪಟ್ಟಿಯಲ್ಲೇ ಸೇರಿತು; ನೀವು ನೋಡಿದ ಕಬ್ಬಿಣದ ಬೇಲಿ ಅದರ ಬೆನ್ನಿಗೆ ಬಂದದ್ದು. ಆದರೆ ಅದಕ್ಕೆ ಹದಿನೈದು ವರ್ಷ ಮೊದಲು, 1867ರಲ್ಲಿ, ಅದೇ ದಿಬ್ಬದ ಇನ್ನೊಂದು ತುದಿಯಲ್ಲಿದ್ದ 'ಜನರಲ್ಸ್ ಟೂಂಬ್' ಎಂಬ ಕಲ್ಲನ್ನು ಸಿಡಿಸಿ ಪುಡಿ ಮಾಡಿದ್ದರು. ಲಿಟಲ್ ಕಿಟ್ಸ್ ಕೋಟಿ ಕುಸಿದು ಬಿದ್ದದ್ದು 1690ರ ಸುಮಾರಿಗೆ. ಅಲ್ಲಿನ ಕಲ್ಲುಗಳನ್ನು ಎಣಿಸಲು ಯಾರಿಂದಲೂ ಆಗದು ಎಂಬ ನಂಬಿಕೆ ಇದೆ. ನಿಮ್ಮ ಮಕ್ಕಳಿದ್ದರೆ ಎಣಿಸಲು ಬಿಡಿ, ಒಬ್ಬೊಬ್ಬರದು ಒಂದೊಂದು ಲೆಕ್ಕ ಬರುತ್ತದೆ.

ಆದರೆ ಎಲ್ಲ ಕಡೆಯೂ ಕಾರಣ ನೇಗಿಲಲ್ಲ. ನದಿಯ ಆಚೆ ದಡದ ಚೆಸ್ಟ್‌ನಟ್ಸ್ ಗೋರಿಯನ್ನು 1957ರಲ್ಲಿ ಜಾನ್ ಅಲೆಗ್ಸಾಂಡರ್ ಅಗೆದಾಗ, ಹನ್ನೆರಡು-ಹದಿಮೂರನೆಯ ಶತಮಾನದಲ್ಲಿ ಯಾರೋ ಕೋಣೆಯ ನಡುವೆಯೇ ಗುಂಡಿ ತೋಡಿ, ಕಲ್ಲುಗಳನ್ನು ಬೀಳಿಸಿದ್ದು ಮಣ್ಣಿನ ಪದರಗಳಲ್ಲಿ ಸ್ಪಷ್ಟವಾಗಿ ಕಂಡಿತು. ನಿಧಿಗಾಗಿ ಎಂದು ಅಲೆಗ್ಸಾಂಡರ್ ಭಾವಿಸಿದರು. ಮೆಡ್ವೇ ಗೋರಿಗಳನ್ನು ಬಹುಕಾಲ ಅಧ್ಯಯನ ಮಾಡಿದ ಪಾಲ್ ಆಶ್ಬೀ ಒಪ್ಪಲಿಲ್ಲ. ಇದು ಹಳೆಯ ನಂಬಿಕೆಯ ಕುರುಹನ್ನು ಅಳಿಸಲು ಕ್ರೈಸ್ತ ಮಠದವರು ಮಾಡಿಸಿದ ಕೆಲಸ ಎಂಬುದು ಅವರ ವಾದ. ನನಗೆ ನಿಧಿಯ ವಾದವೇ ಹೆಚ್ಚು ಸಹಜ ಎನಿಸುತ್ತದೆ, ಬಹುಶಃ ನಮ್ಮ ಕಡೆ ನಿಧಿಗಳ್ಳರ ಗುಂಡಿಗಳನ್ನು ನೋಡಿ ನೋಡಿ. ಅವರಿಗೆ ಬೇಕಾದ್ದು ಅಂಚಿನಲ್ಲಿರುವುದಿಲ್ಲ. ನೇರ ನಡುಮಧ್ಯಕ್ಕೇ ಗುದ್ದಲಿ ಹಾಕುತ್ತಾರೆ.

ಅಗೆದರೆ ಏನು ಸಿಕ್ಕೀತು ಎನ್ನುವುದಕ್ಕೆ ಮಾದರಿ ಬೇಕಿದ್ದರೆ ವಿಲ್ಟ್‌ಶೈರ್‌ನ ಮಿಲ್‌ಬ್ಯಾರೋ ನೋಡಬೇಕು. ಸ್ಟೂಕ್ಲಿ ಚಿತ್ರಿಸಿದ್ದ ಆ ಗೋರಿ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲಸಮವಾಯಿತು. 1989ರಲ್ಲಿ ಅಲಾಸ್ಡೇರ್ ವಿಟ್ಲ್ ಅಲ್ಲಿ ಅಗೆದಾಗ ಕಲ್ಲುಗಳಿರಲಿಲ್ಲ, ಆದರೆ ಕಲ್ಲುಗಳು ನಿಂತಿದ್ದ ಕುಳಿಗಳು, ದಿಬ್ಬಕ್ಕೆ ಮಣ್ಣು ತೆಗೆದ ಅಗಳು ಸಿಕ್ಕವು. ಐದಾರು ಟನ್ ತೂಗುವ ಕಲ್ಲನ್ನು ನಿಲ್ಲಿಸಬೇಕಾದರೆ ಮೊದಲು ನೆಲದಲ್ಲಿ ಕುಳಿ ತೋಡುತ್ತಾರೆ. ಕಲ್ಲನ್ನು ಇಳಿಸಿ, ಅಲುಗಾಡದಂತೆ ಸುತ್ತ ಸುಣ್ಣಗಲ್ಲು, ಚಕಮಕಿ ಗಟ್ಟಿಗಳನ್ನು ತುರುಕುತ್ತಾರೆ. ಸಾವಿರಾರು ವರ್ಷದ ಮೇಲೆ ಯಾರೋ ಕಲ್ಲನ್ನು ಎಳೆದು ತೆಗೆದಾಗ ಆ ಬಾಯಿಗೆ ಮೇಲ್ಮಣ್ಣು ಜಾರಿ ಬೀಳುತ್ತದೆ. ಹಾಗಾಗಿ ಬಿಳಿ ಸುಣ್ಣಗಲ್ಲಿನ ನೆಲವನ್ನು ಕೆರೆದು ಚೊಕ್ಕ ಮಾಡಿದರೆ ಕಂದು ಬಣ್ಣದ ಮಚ್ಚೆ ಎದ್ದು ಕಾಣುತ್ತದೆ: ನಡುವೆ ಸಡಿಲವಾದ ಕಪ್ಪು ಮಣ್ಣು, ಅಂಚಿನಲ್ಲಿ ತುರುಕಿದ ಕಲ್ಲುಗಳು ಇದ್ದಲ್ಲೇ. ಬೆಂಕಿ ಹಾಕಿ ಕಾಯಿಸಿ ತಣ್ಣೀರು ಸುರಿದು ಕಲ್ಲು ಒಡೆದಿದ್ದರೆ ಕೆಂಪೇರಿದ ಚಕ್ಕೆಗಳೂ ಇರುತ್ತವೆ. ವಿಲ್ಟ್‌ಶೈರ್‌ನದೇ ಏವ್‌ಬರಿಯ ಕಲ್ಲುವೃತ್ತದಲ್ಲಿ ಹೀಗೆ ಒಡೆಯುತ್ತಿದ್ದದ್ದನ್ನು ಸ್ಟೂಕ್ಲಿ ಕಣ್ಣಾರೆ ಕಂಡು ಬರೆದಿದ್ದಾರೆ. ಆ ಸಡಿಲ ಮಣ್ಣಿನಲ್ಲಿ ಒಂದು ಚಿಲುಮೆಯ ತುಂಡೋ ಗಾಜಿನ ಚೂರೋ ಸಿಕ್ಕರೆ ಕೆಡವಿದ ಕಾಲವೂ ಗೊತ್ತಾಗುತ್ತದೆ.

ವಾರೆನ್ ಫಾರ್ಮಿನಲ್ಲೂ ಕುಳಿ, ಅಗಳುಗಳ ಬುಡವಾದರೂ ನೇಗಿಲಿನ ಆಳಕ್ಕಿಂತ ಕೆಳಗೆ ಉಳಿದಿರುವ ಸಾಧ್ಯತೆ ಇದೆ. ಆ ಭಾಗದ ನೆಲ ಪೂರ್ತಿ ಖಾಲಿಯಾಗಿಲ್ಲ ಎನ್ನುವುದಕ್ಕೆ ಹತ್ತಿರದಲ್ಲೇ ಪುರಾವೆ ಇದೆ. ಲಂಡನ್ನಿನಿಂದ ಚಾನೆಲ್ ಸುರಂಗಕ್ಕೆ ಹೋಗುವ ಅತಿವೇಗದ ರೈಲುಮಾರ್ಗ ಹಾಕುವ ಮುನ್ನ, 1990ರ ದಶಕದ ಕೊನೆಯಲ್ಲಿ, ವೈಟ್ ಹಾರ್ಸ್ ಸ್ಟೋನ್ ಎಂಬ ಬಂಡೆಯ ಬಳಿ ಉತ್ಖನನ ನಡೆಯಿತು. ಸುಮಾರು 18 ಮೀಟರ್ ಉದ್ದದ ಮರದ ಮನೆಯೊಂದರ ಕಂಬದ ಕುಳಿಗಳು ಸಿಕ್ಕವು. ಕಾಲ, ನವಶಿಲಾಯುಗದ ಮೊದಲ ಘಟ್ಟ. ಬ್ರಿಟನ್ನಿನಲ್ಲಿ ಅಷ್ಟು ಹಳೆಯ ಮನೆಗಳು ಸಿಗುವುದು ಅಪರೂಪ. ಅಂದರೆ ಗೋರಿ ಕಟ್ಟಿದವರ ಕಾಲದವರು ಓಡಾಡಿದ, ಒಲೆ ಹಚ್ಚಿದ ಜಾಗ ಕೂಗಳತೆಯಲ್ಲೇ ಇತ್ತು ಎನ್ನಬಹುದು.

ಈಗ ನಿಮ್ಮ ಮಾವನವರ ಮಾತು. ರೂಪ ನೋಡಿ ಹೇಳಿದ್ದರೆ ಅವರ ಕಣ್ಣು ಚುರುಕಾಗಿಯೇ ಇದೆ. ನಿಂತ ಚಪ್ಪಡಿಗಳು, ಮೇಲೊಂದು ಹಾಸುಬಂಡೆ: ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂಥವು ಸಾಲುಸಾಲಾಗಿ ನಿಂತಿವೆ, ಒಟ್ಟು ಸುಮಾರು 400 ರಚನೆಗಳು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ; ಕಿಟ್ಸ್ ಕೋಟಿಯಲ್ಲಿ ಅದಿಲ್ಲ. ಮೋರ್ಯರೆಂಬ ಕುಳ್ಳರು ಇವುಗಳಲ್ಲಿ ವಾಸವಿದ್ದರು ಎಂಬ ಕಥೆಯನ್ನು ಅವರು ಹೇಳಿಯೇ ಇರುತ್ತಾರೆ. ಆದರೆ ಇವು ಕಬ್ಬಿಣ ಯುಗದವು, ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರ ನಡುವೆ ಇಡುತ್ತಾರೆ. ಮೆಡ್ವೇ ಗೋರಿಗಳಿಗೂ ಇವಕ್ಕೂ ಮೂರು ಸಾವಿರ ವರ್ಷದ ಅಂತರ. ಕೋಲ್ಡ್ರಮ್ ಕಟ್ಟಿದವರು ಲೋಹವನ್ನೇ ಕಂಡವರಲ್ಲ. ಹಿರೇಬೆಣಕಲ್ಲಿನವರ ಕೈಯಲ್ಲಿ ಕಬ್ಬಿಣದ ಉಪಕರಣವಿತ್ತು, ಗ್ರಾನೈಟನ್ನು ತೆಳ್ಳನೆ ಚಪ್ಪಡಿಯಾಗಿ ಎಬ್ಬಿಸುವ ಕಲೆ ಗೊತ್ತಿತ್ತು.

ನಮ್ಮಲ್ಲಿ ನವಶಿಲಾಯುಗದವರೂ ಇದ್ದರು, ಆದರೆ ಅವರು ಬಿಟ್ಟುಹೋದದ್ದು ಬೇರೆ: ಬಳ್ಳಾರಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳದಂಥ ಕಡೆಯ ಬೂದಿದಿಬ್ಬಗಳು, ಸಗಣಿ ಪೇರಿಸಿ ಸುಟ್ಟು ಬೆಳೆದ ಗುಡ್ಡೆಗಳು. ಸತ್ತವರನ್ನು, ಅದರಲ್ಲೂ ಮಕ್ಕಳನ್ನು, ಮಡಕೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುವುದಿತ್ತು. ದೊಡ್ಡ ಕಲ್ಲಿನ ಗೋರಿ ಆಮೇಲಿನದು ಎಂಬ ಕ್ರಮವನ್ನು ಮಣ್ಣಿನ ಪದರಗಳ ಆಧಾರದ ಮೇಲೆ ಸ್ಪಷ್ಟಪಡಿಸಿದ್ದು 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾಡಿದ ಉತ್ಖನನ.

ಮಾವನವರಿಗೆ ಒಂದು ಮಾತು ತಿಳಿಸಿ: ಅವರಿಗೆ ಹೊಳೆದದ್ದೇ 170 ವರ್ಷದ ಹಿಂದೆ ಇನ್ನೊಬ್ಬರಿಗೂ ಹೊಳೆದಿತ್ತು, ಆದರೆ ಉಲ್ಟಾ ದಿಕ್ಕಿನಿಂದ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಆ ಸೀಮೆಯ ಕಲ್ಗೋರಿಗಳನ್ನು ಸುತ್ತಿ ನೋಡಿ, ಜೇವರ್ಗಿಯಲ್ಲಿ ಕೆಲವನ್ನು ಅಗೆಸಿ, ಇವು ಬ್ರಿಟನ್ನಿನ ಗೋರಿಗಳನ್ನೇ ಹೋಲುತ್ತವೆ ಎಂದು ಬರೆದರು. ಎರಡನ್ನೂ ಕಟ್ಟಿದವರು ಒಂದೇ ಮೂಲದವರು ಎಂಬ ಊಹೆ ಆ ಕಾಲಕ್ಕೆ ಪ್ರಬಲವಾಗಿತ್ತು. ಈಗ ಅದನ್ನು ಯಾರೂ ಹಿಡಿಯುವುದಿಲ್ಲ. ಭಾರವಾದ ಚಪ್ಪಡಿಗಳಿಂದ ಸತ್ತವರಿಗೊಂದು ಕೋಣೆ ಕಟ್ಟಬೇಕೆಂದರೆ ನಾಲ್ಕು ನಿಲ್ಲಿಸಿ ಮೇಲೊಂದು ಹೊದಿಸುವುದು ಎಲ್ಲಿಯವರಿಗೂ ಹೊಳೆಯುವ ಉಪಾಯ. ಊಹೆ ತಪ್ಪಾದರೂ ಟೇಲರ್ ಮಾಡಿದ ದಾಖಲೆ ಇಂದಿಗೂ ಬೇಕು. ಶಹಾಪುರ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳ ಬಗ್ಗೆ ಕೆಲಸ ಮಾಡುವವರು ಈಗಲೂ ಅವರ ಬರಹದಿಂದ ಶುರು ಮಾಡುತ್ತಾರೆ.

ಕೊನೆಗೆ, ಈಗ ಅಗೆಯಬೇಕೇ? ನನ್ನ ಅಭಿಪ್ರಾಯದಲ್ಲಿ ಗುದ್ದಲಿ ಮೊದಲಲ್ಲ. ಸ್ಮೈಥ್ ಅವರ ವಿವರಣೆಯನ್ನು ಹಳೆಯ ಜಮೀನು ನಕ್ಷೆಗಳ ಮೇಲೆ ಕೂರಿಸಿ ಜಾಗವನ್ನು ಕಿರಿದಾಗಿಸಬೇಕು. ಆಮೇಲೆ ಭೂಮಿಯ ಕಾಂತತ್ವ, ವಿದ್ಯುತ್ ತಡೆ ಅಳೆಯುವ ಉಪಕರಣಗಳನ್ನು ಹೊಲದ ಮೇಲೆ ಸಾಲುಸಾಲಾಗಿ ಓಡಿಸಬೇಕು. ಮುಚ್ಚಿಹೋದ ಅಗಳಿನಲ್ಲಿ ತೇವ ಹೆಚ್ಚಿರುವುದರಿಂದ ಅದು ಬೇರೆಯಾಗಿ ಕಾಣುತ್ತದೆ. ಒಣ ಬೇಸಿಗೆಯಲ್ಲಿ ಮೇಲಿನಿಂದ ತೆಗೆದ ಫೋಟೊಗಳಲ್ಲಿ ಅಂಥ ಕಡೆ ಬೆಳೆ ಹಸಿರಾಗಿ ಉಳಿಯುವುದೂ ಉಂಟು. ಉದ್ದನೆಯ ಎರಡು ಸಮಾನಾಂತರ ಗೆರೆ ಕಂಡರೆ, ಅವುಗಳಿಗೆ ಅಡ್ಡಲಾಗಿ ಒಂದು ಕಿರಿದಾದ ಕಂದಕ ಸಾಕು. ಅಗಳಿನ ತಳದಲ್ಲಿ ಅಂದು ಅಗೆಯಲು ಬಳಸಿ ಬಿಸಾಕಿದ ಜಿಂಕೆಕೊಂಬಿನ ತುಂಡೋ ದನದ ಮೂಳೆಯೋ ಸಿಕ್ಕರೆ ಅದರಿಂದ ಇಂಗಾಲದ ಕಾಲ ತೆಗೆಯಬಹುದು. ಆಗ ಕೋಲ್ಡ್ರಮ್‌ನಿಂದ ಎರವಲು ತಂದ ಇಸವಿಯ ಜಾಗದಲ್ಲಿ ಈ ಗೋರಿಯದೇ ಇಸವಿ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ: ನೀವಾಗಲಿ ಮಕ್ಕಳಾಗಲಿ ಮೆಟಲ್ ಡಿಟೆಕ್ಟರ್ ಹಿಡಿದು ಆ ಹೊಲಗಳಿಗೆ ಇಳಿಯಬೇಡಿ. ಹೊಲದವರ ಅನುಮತಿ ಬೇಕೇ ಬೇಕು, ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಸರ್ಕಾರದ ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವುದು ಅಪರಾಧ. ಅದೂ ಅಲ್ಲದೆ ಈ ಗೋರಿ ಕಟ್ಟಿದವರ ಬಳಿ ಲೋಹವೇ ಇರಲಿಲ್ಲವಾದ್ದರಿಂದ ಆ ಯಂತ್ರಕ್ಕೆ ಅಲ್ಲಿ ಕೆಲಸವೂ ಇಲ್ಲ.